ಧ್ಯಾನಮಂದಿರಕ್ಕಿಂತ ಮೊದಲು ಮುಸುರೆಕಟ್ಟೆ

ಪ್ರಶ್ನೆ: ಗದಗ ಮತ್ತು ಹುಬ್ಬಳ್ಳಿಯ ಹದಿನಾರು ಬೌದ್ಧ ಕುಟುಂಬಗಳು ಸೇರಿ ಅಣ್ಣಿಗೇರಿ ಮತ್ತು ಹುಲಕೋಟಿ ನಡುವೆ ಎರಡು ಎಕರೆ ಹತ್ತು ಗುಂಟೆ ಎರೆಹೊಲ ಕೊಂಡಿದ್ದೇವೆ. ಹೆಚ್ಚಿನವರು ಬಾಬಾಸಾಹೇಬರ ದಾರಿಯಲ್ಲಿ ಧಮ್ಮಕ್ಕೆ ಬಂದವರು. ಮೂರು ಕುಟುಂಬದವರು ವಿಪಶ್ಯನ ಧ್ಯಾನದ ಶಿಬಿರಗಳ ಮೂಲಕ ಬಂದವರು. ಅರ್ಧ ನಿವೃತ್ತರು, ಅರ್ಧ ಸಣ್ಣ ಮಕ್ಕಳಿರುವವರು. ಪ್ರತಿ ಕುಟುಂಬಕ್ಕೂ ಸ್ವಂತ ಮನೆ, ಜೊತೆಗೆ ಎಲ್ಲರಿಗೂ ಸೇರಿದ ಅಡುಗೆಮನೆ, ಧ್ಯಾನಮಂದಿರ, ಗ್ರಂಥಾಲಯ, ಅತಿಥಿಗಳ ಕೋಣೆ ಇರಬೇಕೆಂದು ಆಸೆ. ಪರಿಚಯದ ಎಂಜಿನಿಯರರೊಬ್ಬರು ಮಧ್ಯದಲ್ಲಿ ಇನ್ನೂರು ಜನ ಹಿಡಿಸುವ ಗುಮ್ಮಟದ ಮಂದಿರ, ಆಗ್ನೇಯ ಮೂಲೆಯಲ್ಲಿ ಅಡುಗೆಮನೆ ಇಟ್ಟು ನಕ್ಷೆ ಬರೆದುಕೊಟ್ಟಿದ್ದಾರೆ. ಮಾಂಸಾಹಾರದ ವಿಷಯದಲ್ಲಿ ಈಗಲೇ ಸ್ವಲ್ಪ ಮುನಿಸು ಶುರುವಾಗಿದೆ. ಹಂಚಿಕೊಂಡು ಬಾಳುವ ಜಾಗಗಳನ್ನು ಹೇಗೆ ಯೋಜಿಸಬೇಕು?
— ನಿವೃತ್ತ ಶಿಕ್ಷಕರು, ಗದಗ

ಉತ್ತರ: ಮಾಸ್ತರರೇ, ಜೈ ಭೀಮ್. ನೀವು ಕಳಿಸಿದ ನಕ್ಷೆಯನ್ನು ಎರಡು ದಿನ ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಗುಮ್ಮಟ ಚೆನ್ನಾಗಿದೆ. ಆದರೆ ಅಡುಗೆಮನೆಯ ಮುಸುರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿದರೆ ಇಡೀ ಹಾಳೆಯಲ್ಲಿ ಒಂದು ಗೆರೆಯೂ ಸಿಗಲಿಲ್ಲ. ಭಾಂಡೆ ತಿಕ್ಕಲು ಜಾಗವೇ ಇಲ್ಲ. ಹದಿನಾರು ಮನೆಯವರು ಕೂಡಿ ಉಣ್ಣುತ್ತೇವೆ ಎಂದು ಹೊರಟವರ ನಕ್ಷೆಯಲ್ಲಿ ಇದು ಸಣ್ಣ ಮರೆವು ಎಂದು ನನಗೆ ಅನ್ನಿಸುವುದಿಲ್ಲ. ಆದ್ದರಿಂದ ನೀವು ಕೇಳಿದ ಕ್ರಮದಲ್ಲಿ ನಾನು ಉತ್ತರಿಸುತ್ತಿಲ್ಲ. ಮುಸುರೆಯಿಂದ ಹೊರಟು ಮಂದಿರದ ಕಡೆಗೆ ಬರುತ್ತೇನೆ.

ಕೋಸಂಬಿ ನಗರದಲ್ಲಿ ಬುದ್ಧರ ಭಿಕ್ಖುಗಳೇ ಎರಡು ಪಾಲಾದ ಜಗಳ ನಿಮಗೆ ಗೊತ್ತಿರುತ್ತದೆ. ಅದರ ಮೂಲ ಏನೆಂದು ಧಮ್ಮಪದದ ಅಟ್ಟಕಥೆ, ಅಂದರೆ ಹಳೆಯ ವ್ಯಾಖ್ಯಾನ, ಹೇಳುತ್ತದೆ: ಒಬ್ಬ ಭಿಕ್ಖು ಶೌಚದ ಮನೆಯಲ್ಲಿ ಬಳಸಿ ಉಳಿದ ನೀರನ್ನು ಚೆಲ್ಲದೆ ಪಾತ್ರೆಯಲ್ಲೇ ಬಿಟ್ಟುಬಂದ; ಇನ್ನೊಬ್ಬ ಅದನ್ನು ತಪ್ಪೆಂದ. ಮೊದಲು ಅವರಿಬ್ಬರ ಮಾತು, ಆಮೇಲೆ ಶಿಷ್ಯರ ಮಾತು, ಕೊನೆಗೆ ಉಪಾಸಕರೂ ಎರಡು ಪಾಲು. ಬುದ್ಧರು ಹೇಳಿದರೂ ಕೇಳಲಿಲ್ಲ. ಅನಿತ್ಯ ಅನಾತ್ಮಗಳ ಚರ್ಚೆಯಲ್ಲಿ ಒಡೆಯದ ಸಂಘ ಒಂದು ಚೆಂಬು ನೀರಿಗೆ ಒಡೆಯಿತು. ಬೇಸತ್ತು ಕೋಸಂಬಿ ಬಿಟ್ಟು ಹೊರಟ ಬುದ್ಧರು ದಾರಿಯಲ್ಲಿ ಪಾಚೀನವಂಸ ವನಕ್ಕೆ ಬರುತ್ತಾರೆ. ಅಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಹಾಲಿನಲ್ಲಿ ನೀರು ಬೆರೆತಂತೆ ಇದ್ದಾರೆ. ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ ಅನುರುದ್ಧ ಮೊದಲು ಮೈತ್ರಿಯ ಮಾತನಾಡುತ್ತಾನೆ. ಮುಂದೆ ಅವನು ಕೊಡುವುದು ಮನೆಗೆಲಸದ ಪಟ್ಟಿ. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಸಿ, ಕುಡಿಯುವ ನೀರು, ತೊಳೆಯುವ ನೀರು ಇಡುತ್ತಾನೆ. ಕೊನೆಗೆ ಬಂದವನು ಉಳಿದದ್ದನ್ನು ಉಂಡು ಆಸನ ಎತ್ತಿಟ್ಟು, ಎಂಜಲ ಪಾತ್ರೆ ತೊಳೆದು, ಊಟದ ಸಾಲೆ ಗುಡಿಸುತ್ತಾನೆ. ಕುಡಿಯುವ ನೀರಿನ ಗಡಿಗೆಯಾಗಲಿ, ಶೌಚದ ನೀರಿನ ಗಡಿಗೆಯಾಗಲಿ ಬರಿದಾದದ್ದು ಯಾರ ಕಣ್ಣಿಗೆ ಬಿದ್ದರೆ ಅವರು ತುಂಬುತ್ತಾರೆ. ಒಬ್ಬನಿಗೆ ಎತ್ತಲಾಗದಿದ್ದರೆ ಮಾತಿಲ್ಲದೆ ಕೈಸನ್ನೆ ಮಾಡಿ ಇನ್ನೊಬ್ಬನನ್ನು ಕರೆದು ಇಬ್ಬರೂ ಎತ್ತುತ್ತಾರೆ. ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕೂತು ಧಮ್ಮದ ಮಾತು.

ಶೌಚದ ನೀರಿನ ಗಡಿಗೆ ಇಲ್ಲಿಯೂ ಬಂತು ನೋಡಿ. ಕೋಸಂಬಿಯಲ್ಲಿ ಜಗಳ ಹುಟ್ಟಿಸಿದ್ದು ಅದೇ, ಇಲ್ಲಿ ಒಡನಾಟ ಉಳಿಸಿದ್ದು ಅದೇ. ಒಬ್ಬ ಗೃಹ ವಿನ್ಯಾಸಕನಾಗಿ ನಾನು ಈ ಭಾಗವನ್ನು ಬೇರೆ ರೀತಿಯಲ್ಲಿ ಓದುತ್ತೇನೆ. ಗಡಿಗೆ ಬರಿದಾದದ್ದು ಕಣ್ಣಿಗೆ ಬೀಳಬೇಕಾದರೆ ಅದು ಹಾದುಹೋಗುವ ದಾರಿಯಲ್ಲಿ ಇರಬೇಕು. ಇಬ್ಬರು ಹಿಡಿದು ಎತ್ತಬೇಕಾದರೆ ಅದರ ಎರಡೂ ಬದಿಯಲ್ಲಿ ನಿಲ್ಲಲು ಜಾಗ ಬೇಕು. ಕೊನೆಗೆ ಬಂದವನು ಗುಡಿಸಬೇಕಾದರೆ ಕಸಬರಿಗೆ ಬೀಗದೊಳಗೆ ಇರಬಾರದು. ಉಳಿದ ಕೆಲಸ ಎಲ್ಲರಿಗೂ ಕಾಣುವಂತಿದ್ದರೆ, ಸಲಕರಣೆ ಕೈಗೆ ಸಿಗುವಂತಿದ್ದರೆ, ಜನ ತಾವಾಗಿ ಮಾಡುತ್ತಾರೆ. ಕಾಣದಿದ್ದರೆ ಅದು ಯಾರೋ ಇಬ್ಬರು ಹೆಣ್ಣುಮಕ್ಕಳ ತಲೆಗೆ ಬೀಳುತ್ತದೆ. ಎರಡು ವರ್ಷ ಸುಮ್ಮನಿದ್ದು ಮೂರನೆಯ ವರ್ಷ ಅವರು ಸಭೆಗೆ ಬರುವುದನ್ನು ಬಿಡುತ್ತಾರೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ವೃತ್ತಿಗೆ ಬಂದ ಹೊಸದರಲ್ಲಿ ಹುಬ್ಬಳ್ಳಿಯ ಹೊರವಲಯದ ಒಂದು ವಸತಿಗೆ ಸಮುದಾಯ ಭವನ ಮಾಡಿಕೊಟ್ಟೆ. ನೋಟ ಚೆನ್ನಾಗಿದೆ ಎಂದು ಭವನವನ್ನು ಜಾಗದ ಕಟ್ಟಕಡೆಯ ಮೂಲೆಗೆ ಒಯ್ದೆ. ಯಾರ ಮನೆಯ ದಾರಿಯಲ್ಲೂ ಅದು ಇರಲಿಲ್ಲ. ಉದ್ಘಾಟನೆಯಂದು ಹೊಗಳಿದ್ದೇ ಹೊಗಳಿದ್ದು. ಎರಡು ವರ್ಷ ಬಿಟ್ಟು ಹೋದರೆ ಬೀಗ ಹಾಕಿತ್ತು, ಕೀಲಿ ಕಾರ್ಯದರ್ಶಿಯ ಮನೆಯಲ್ಲಿತ್ತು, ಒಳಗೆ ಪ್ಲಾಸ್ಟಿಕ್ ಕುರ್ಚಿ, ಪೆಂಡಾಲಿನ ಗಳ, ಒಂದು ಕೆಟ್ಟ ಜನರೇಟರು. ತಪ್ಪು ಅಲ್ಲಿಯ ಜನರದ್ದಲ್ಲ, ನನ್ನದು.

ನೀವು ಯೋಚಿಸಿರುವ ಪದ್ಧತಿಗೆ ಕೋಹೌಸಿಂಗ್ ಎಂಬ ಹೆಸರು ಬಳಕೆಯಲ್ಲಿದೆ. ನಾನು ಕೂಡುವಸತಿ ಎನ್ನುತ್ತೇನೆ. 1960ರ ದಶಕದಲ್ಲಿ ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗುಡ್ಮಂಡ್ ಹೋಯರ್ ಮತ್ತು ಅವರ ಗೆಳೆಯರು ಇದಕ್ಕೆ ಕೈಹಾಕಿದಾಗ ಮೊದಲ ಜಾಗದಲ್ಲಿ ನೆರೆಯವರೇ ಅಡ್ಡ ಬಂದರು. ಮೊದಲ ವಸತಿ ಸೆಟ್ಟೆಡಾಮೆನ್‌ನಲ್ಲಿ ನೆಲೆನಿಂತದ್ದು 1972ರಲ್ಲಿ. ಅವರ ಅನುಭವದಿಂದ ನಾವು ಎರವಲು ತರಬೇಕಾದದ್ದು ಮೂರೇ ಮಾತು. ವಾಹನಗಳು ಅಂಚಿನಲ್ಲೇ ನಿಲ್ಲಲಿ, ಒಳಗೆಲ್ಲ ಕಾಲುದಾರಿ ಇರಲಿ. ಸಾಮೂಹಿಕ ಮನೆ ಎಲ್ಲರೂ ದಿನಾಲೂ ತಮ್ಮ ಮನೆಗೆ ಹೋಗುವ ದಾರಿಯಲ್ಲೇ ಬರಲಿ. ಪ್ರತಿ ಮನೆಗೂ ಅದರದೇ ಪೂರ್ತಿ ಅಡುಗೆಮನೆ ಇರಲಿ. ಮೂರನೆಯದನ್ನು ಖರ್ಚು ಉಳಿಸಲೆಂದು ಬಿಡಬೇಡಿ. ಕೂಡಿ ಉಣ್ಣುವುದು ಇಷ್ಟದ ಮಾತಾಗಿರುವವರೆಗೆ ಮಾತ್ರ ಸೊಗಸು. ಬೇರೆ ಗತಿಯಿಲ್ಲದೆ ಬಂದು ಉಂಡರೆ ಅದು ಮೆಸ್ ಆಗುತ್ತದೆ. ನಿಮ್ಮಲ್ಲಿ ಹಾಸ್ಟೆಲಿನಲ್ಲಿ ಓದಿದವರು ಇದ್ದೇ ಇರುತ್ತಾರೆ. 1920ರ ದಶಕದ ಕೊನೆಯಲ್ಲಿ ಬಾಬಾಸಾಹೇಬರ ಪ್ರಯತ್ನದಿಂದ ಧಾರವಾಡದಲ್ಲಿ ವಿದ್ಯಾರ್ಥಿನಿಲಯ ತೆರೆದ ಕಾಲದಿಂದ ಈ ಭಾಗದ ಎಷ್ಟೋ ಮನೆಗಳ ಮೊದಲ ತಲೆಮಾರಿನ ಓದು ಹಾಸ್ಟೆಲಿನ ಅನ್ನದಲ್ಲೇ ನಡೆದಿದೆ. ಆ ಅನ್ನದ ಋಣವನ್ನೂ ಅದರ ಬೇಸರವನ್ನೂ ಬಲ್ಲವರನ್ನು ಅಡುಗೆಮನೆಯ ಸಮಿತಿಗೆ ಹಾಕಿ.

ಈಗ ಅಡುಗೆಮನೆ. ವಾಸ್ತುವಿಗಾಗಿ ಆಗ್ನೇಯಕ್ಕೆ ಹಾಕಿದ್ದಾರೆ ಎಂದು ಕಾಣುತ್ತದೆ. ಬುದ್ಧರ ಉಪದೇಶಗಳಲ್ಲಿ ಒಂದಾದ ಬ್ರಹ್ಮಜಾಲ ಸುತ್ತದಲ್ಲಿ ಭಿಕ್ಖುಗಳು ಹೊಟ್ಟೆಪಾಡಿಗಾಗಿ ಮಾಡಬಾರದ ವಿದ್ಯೆಗಳ ಉದ್ದನೆಯ ಪಟ್ಟಿ ಇದೆ. ಅದರಲ್ಲಿ ಅಂಗೈ ನೋಡಿ ಭವಿಷ್ಯ ಹೇಳುವುದರ ಜೊತೆಗೆ ವತ್ಥುವಿಜ್ಜೆ, ಅಂದರೆ ನಿವೇಶನ ನೋಡಿ ಒಳಿತು ಕೆಡುಕು ಹೇಳುವುದೂ ಸೇರಿದೆ. ಬೌದ್ಧರ ವಸತಿಗೆ ವಾಸ್ತು ಹಿಡಿದವರನ್ನು ಕಂಡು ನನಗೆ ನಗು ಬಂತು, ಮನ್ನಿಸಿ. ಗಾಳಿಯ ಲೆಕ್ಕ ಬೇರೆ. ನಿಮ್ಮ ಹೊಲದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಒಂದೇ ಸಮನೆ ಬೀಸುತ್ತದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ಅಡುಗೆಯ ಹೊಗೆ ಮನೆಗಳ ಮೇಲೆ ಬೀಳದಂತೆ ಅಡುಗೆಮನೆ ಪೂರ್ವದ ಕಡೆ ಇರುವುದು ಒಳ್ಳೆಯದೇ. ಆದರೆ ಮೂಲೆ ಬೇಡ. ಹೆಬ್ಬಾಗಿಲು ದಾಟಿ ವಾಹನ ನಿಲ್ಲಿಸಿ ಒಳಗೆ ನಡೆದರೆ ಮೊದಲು ಸಿಗುವ ಅಂಗಳ, ಆ ಅಂಗಳದ ಪೂರ್ವ ಬದಿ ಅದರ ಜಾಗ.

ಹೊರ ಊರಿನ ವಾಸ್ತುಶಿಲ್ಪಿಗಳು ಮರೆಯುವುದು ರೊಟ್ಟಿಯನ್ನು. ನಲವತ್ತು ಜನರಿಗೆ ಅನ್ನ ಸಾರು ಮಾಡುವುದು ಎರಡು ದೊಡ್ಡ ಒಲೆಯ ಕೆಲಸ. ನಲವತ್ತು ಜನರಿಗೆ ಜೋಳದ ರೊಟ್ಟಿ ಎಂದರೆ ನೂರಕ್ಕೂ ಮೇಲೆ ರೊಟ್ಟಿ, ಅದೂ ಬಿಸಿಬಿಸಿ. ನಿಂತು ಹೆಚ್ಚುವ ಕಟ್ಟೆ 33 ಇಂಚು ಎತ್ತರ ಸಾಕು. ಅದೇ ಎತ್ತರದಲ್ಲಿ ರೊಟ್ಟಿ ಬಡಿದರೆ ಅರ್ಧ ಗಂಟೆಯಲ್ಲಿ ರಟ್ಟೆ ಸೋಲುತ್ತದೆ. ಬಡಿಯುವ ಕಟ್ಟೆಯನ್ನು ಐದಾರು ಇಂಚು ತಗ್ಗಿಸಿ, ಪಕ್ಕದಲ್ಲೇ ಹಂಚಿಗೆ ನಾಲ್ಕು ಒಲೆ ಸಾಲಾಗಿ ಇಡಿ, ಮೇಲೆ ಹೊಗೆಯ ಕಿಂಡಿ ಇಡಿ. ಕೂತು ಬಡಿಯುವವರಿಗೆ ಒಂದು ಮೂಲೆ ನೆಲದ ಮೇಲೂ ಇರಲಿ. ನನ್ನ ಸಲಹೆ ಕೇಳುವುದಾದರೆ ಮೊದಲ ವರ್ಷ ವಾರಕ್ಕೆ ಎರಡೇ ಸಾಮೂಹಿಕ ಊಟ ಇಟ್ಟುಕೊಳ್ಳಿ, ಒಂದಕ್ಕೆ ಖಡಕ್ ರೊಟ್ಟಿಯನ್ನು ಮಹಿಳಾ ಸ್ವಸಹಾಯ ಸಂಘದಿಂದ ತರಿಸಿ. ಉತ್ಸಾಹದಲ್ಲಿ ದಿನಾಲೂ ಎಂದು ಶುರುಮಾಡಿ ಆರು ತಿಂಗಳಿಗೆ ನಿಲ್ಲಿಸುವುದಕ್ಕಿಂತ ಇದು ಮೇಲು.

ಮುಸುರೆಕಟ್ಟೆ ಅಡುಗೆಮನೆಯ ಹಿಂದೆ ಬೇಡ, ಮುಂದೆ ಬರಲಿ. ಅಂಗಳಕ್ಕೆ ಮುಖ ಮಾಡಿದ, ಮೇಲೆ ಮಾಡು ಇರುವ, ನಾಲ್ಕು ನಳ ಮತ್ತು ಆಳದ ತೊಟ್ಟಿಗಳ ಉದ್ದನೆಯ ಕಟ್ಟೆ. ಉಂಡವರು ತಮ್ಮ ತಾಟು ತಾವೇ ತೊಳೆಯಲಿ. ದೊಡ್ಡ ಭಾಂಡೆಗಳಿಗೆ ಪಾಳಿ ಇರಲಿ, ಪಾಳಿಯ ಪಟ್ಟಿ ಸೀಮೆಸುಣ್ಣದಲ್ಲಿ ಅಲ್ಲಿಯೇ ಗೋಡೆಯ ಮೇಲೆ ಇರಲಿ. ಅಂಗಳದಲ್ಲಿ ಕೂತವರಿಗೆ ತೊಳೆಯುವವರ ಮುಖ ಕಾಣಬೇಕು, ತೊಳೆಯುವವರು ಮಾತಿನಲ್ಲಿ ಸೇರಬೇಕು. ಗಂಡಸರು ಬೆನ್ನು ಬಗ್ಗಿಸಿ ತಿಕ್ಕುವುದನ್ನು ಮಕ್ಕಳು ನೋಡುವುದೂ ಒಂದು ಲಾಭವೇ. ಮುಸುರೆ ನೀರನ್ನು ಜಿಡ್ಡು ತಡೆಯುವ ಗುಂಡಿ ದಾಟಿಸಿ ಬಾಳೆ, ಕೆಸುವಿನ ಪಾತಿಗೆ ಬಿಡಿ. ಎರೆಮಣ್ಣಿನಲ್ಲಿ ಇಂಗುಗುಂಡಿ ನೆಚ್ಚಬೇಡಿ, ಮಳೆಗಾಲದಲ್ಲಿ ಆ ಮಣ್ಣು ನೀರು ಕುಡಿಯುವುದಿಲ್ಲ.

ಮಾಂಸದ ಮಾತಿಗೆ ಬರುತ್ತೇನೆ. ಸಾಮೂಹಿಕ ಅಡುಗೆಮನೆ ಶುದ್ಧ ಸಸ್ಯಾಹಾರಿ ಇರಲಿ ಎಂದು ವಿಪಶ್ಯನದ ಕಡೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಉಣ್ಣುವುದರ ಮೇಲೆ ಹೊರಗಿಡಲ್ಪಟ್ಟವರ ಮನೆಯಲ್ಲಿ ಆ ಮಾತು ಬೇರೆಯೇ ಆಗಿ ಕೇಳಿಸುತ್ತದೆ. ಇಡೀ ಸಂಘಕ್ಕೆ ಮೀನು ಮಾಂಸ ನಿಷೇಧಿಸಬೇಕೆಂದು ಪಟ್ಟುಹಿಡಿದವನು ಬುದ್ಧರಿಗೆ ಎದುರು ನಿಂತ ಭಿಕ್ಖು ದೇವದತ್ತ, ಬುದ್ಧರು ಒಪ್ಪಲಿಲ್ಲ. ತನಗಾಗಿ ಕೊಂದದ್ದನ್ನು ನೋಡಿರಬಾರದು, ಕೇಳಿರಬಾರದು, ಹಾಗೆಂದು ಸಂಶಯವೂ ಇರಬಾರದು ಎಂಬಷ್ಟಕ್ಕೆ ನಿಲ್ಲಿಸಿದರು. ಬೇಡವೆನ್ನುವವರ ಮನಸ್ಸಿಗೂ ಬೆಲೆ ಇದೆ. ಆದ್ದರಿಂದ ಒಂದೇ ಮಾಡಿನಡಿ ಎರಡು ಒಲೆಮನೆ, ಎರಡು ಜೊತೆ ಭಾಂಡೆ, ಎರಡಕ್ಕೂ ಒಂದೇ ಉಣ್ಣುವ ಪಡಸಾಲೆ ಮಾಡಿ. ಮಾಂಸದ ಒಲೆಯನ್ನು ಹಿತ್ತಲಿಗೆ ತಳ್ಳಬೇಡಿ. ಎರಡೂ ಅಕ್ಕಪಕ್ಕ, ಎರಡಕ್ಕೂ ಅದೇ ಬೆಳಕು, ಅದೇ ನಳ. ಖರ್ಚು ಹೆಚ್ಚಾಗುತ್ತದೆ. ಗುಮ್ಮಟ ಬಿಟ್ಟರೆ ಅದು ಹೊರೆಯಾಗುವುದಿಲ್ಲ.

ನೀರಿಗೂ ಇದೇ ಗಮನ ಕೊಡಿ. ಗದಗ ಜಿಲ್ಲೆಯ ಬಹಳ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ, ಉಪ್ಪೂ ಇದೆ. ಕುಡಿಯಲು ಮಳೆನೀರನ್ನೇ ಹಿಡಿಯಿರಿ. ನಿಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಎಂದುಕೊಂಡರೆ 1,000 ಚದರಡಿ ಮಾಳಿಗೆಯ ಮೇಲೆ ಬೀಳುವ ನೀರು ಸುಮಾರು 55,000 ಲೀಟರ್; ಸೋರಿ, ಆರಿ, ಮೊದಲ ಮಳೆಯ ಕೊಳೆ ತೆಗೆದು ಐದರಲ್ಲಿ ನಾಲ್ಕು ಪಾಲು ಸಿಕ್ಕೀತು. ಕುಡಿಯಲು ಮತ್ತು ಅಡುಗೆಗೆ ಮನೆಗೆ ದಿನಕ್ಕೆ 20 ಲೀಟರ್‌ನಂತೆ ಹದಿನಾರು ಮನೆಗೆ ವರ್ಷಕ್ಕೆ 1,17,000 ಲೀಟರ್ ಬೇಕು. ಸಾಮೂಹಿಕ ಮನೆಯ 3,000 ಚದರಡಿ ಮಾಳಿಗೆಯೇ ಅಷ್ಟನ್ನು ಕೊಡುತ್ತದೆ. ಎಂಟು ತಿಂಗಳ ಒಣಗಾಲ ದಾಟಲು 80,000 ಲೀಟರಿನ ತೊಟ್ಟಿ ಸಾಕು. 20 ಅಡಿ ಉದ್ದ, 16 ಅಡಿ ಅಗಲ, 9 ಅಡಿ ಆಳ. ಎರೆಮಣ್ಣಿನಲ್ಲಿ ಪೂರ್ತಿ ಹೂಳಬೇಡಿ. ನಾಲ್ಕು ಅಡಿ ನೆಲದ ಮೇಲೆ ಎದ್ದಿರಲಿ, ಅಂಗಳದ ಕಡೆಗೆ 16 ಇಂಚಿನ ಮೂರು ಮೆಟ್ಟಿಲು ಕಟ್ಟಿ. ಮೆಟ್ಟಿಲುಗಳೇ ಕೂರುವ ಜಾಗ, ತೊಟ್ಟಿಯ ತಲೆಯೇ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಸಭೆಯ ವೇದಿಕೆ. ಅದರ ಒಂದು ನಳವನ್ನು ಬೇಲಿಯ ಹೊರಗೆ, ರಸ್ತೆಯ ಕಡೆ ತೆಗೆಯಿರಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರ ಜೊತೆ ನಡೆದು, ಅಸ್ಪೃಶ್ಯರೆಂದು ತಮಗೆ ಮುಟ್ಟಗೊಡದ ಮಹಾಡಿನ ಚವದಾರ ಕೆರೆಯ ನೀರು ಕುಡಿದು ಹಕ್ಕು ಸ್ಥಾಪಿಸಿದವರ ಮಕ್ಕಳು ನೀವು. ದಾರಿಹೋಕರಿಗೆ, ಪಕ್ಕದ ಹೊಲದ ಕೂಲಿಯವರಿಗೆ ಜಾತಿ ಕೇಳದ ಒಂದು ಅರವಟಿಗೆ ನಿಮ್ಮ ಹೆಬ್ಬಾಗಿಲಿನಲ್ಲಿ ಇದ್ದರೆ ಅಲ್ಲಿ ಬೇರೆ ಫಲಕವೇ ಬೇಡ.

ಮನೆಗಳ ನಡುವಿನ ದಾರಿಯ ಬಗ್ಗೆ ಒಂದೆರಡು ಅಳತೆ. ಎದುರುಬದುರು ಕಟ್ಟೆಗಳ ನಡುವೆ 30ರಿಂದ 40 ಅಡಿ ಇರಲಿ. ಸುಮಾರು 70 ಅಡಿ ದಾಟಿದರೆ ಎದುರಿನವರ ಮುಖದ ಭಾವ ತಿಳಿಯುವುದಿಲ್ಲ. ತೀರ ಹತ್ತಿರವಾದರೆ ಮನೆಯೊಳಗಿನ ಮಾತೆಲ್ಲ ಓಣಿಗೆ ಕೇಳಿಸುತ್ತದೆ. ಕಾಲುದಾರಿ ಆರು ಅಡಿ ಫರಸಿ. ಆದರೆ ಅದರ ಎರಡೂ ಅಂಚಿನಲ್ಲಿ ಗಟ್ಟಿ ನೆಲ ಸೇರಿ ಹನ್ನೆರಡು ಅಡಿ ಬಿಡಿ, ಅಂಬುಲೆನ್ಸ್ ಪ್ರತಿ ಬಾಗಿಲಿಗೂ ಬರಬೇಕು. ಕಟ್ಟೆಗೆ ನಾಲ್ಕು ಅಡಿ ಆಳ ಕೊಟ್ಟರೆ ಚಪ್ಪಲಿ ಬಿಡಲಷ್ಟೇ ಆಗುತ್ತದೆ. ಆರು ಅಡಿ ಕೊಡಿ, ಇಬ್ಬರು ಕೂರುತ್ತಾರೆ, ಒಬ್ಬರು ಮಲಗುತ್ತಾರೆ. ನಮ್ಮ ಕಡೆಯ ಹಳೆಯ ಓಣಿಯ ಕಟ್ಟೆಗಳನ್ನು ಹೊಗಳುವಾಗ ನನ್ನಂಥವರು ಒಂದು ಮಾತು ನುಂಗಿಬಿಡುತ್ತೇವೆ: ಆ ಕಟ್ಟೆಯ ಮೇಲೆ ನಿಮ್ಮ ತಾತಂದಿರು ಕೂರುವಂತಿರಲಿಲ್ಲ. ಆದ್ದರಿಂದ ಓಣಿಯ ಅಳತೆ ತನ್ನಿ, ಅದರ ನೆನಪುಗಳನ್ನು ಅಲಂಕಾರವಾಗಿ ತರಬೇಡಿ. ವಾಡೆಯ ತೊಲೆಬಾಗಿಲು, ಕೆತ್ತಿದ ಕಂಬ ತಂದು ನಿಲ್ಲಿಸುವ ಚಟ ಈಗ ರೆಸಾರ್ಟಿನವರಿಗೆ ಹತ್ತಿದೆ. ನಿಮಗೆ ಅದರ ಅಗತ್ಯವಿಲ್ಲ.

ಎರೆಮಣ್ಣಿನ ಬಗ್ಗೆ ಮಂದಿರದ ಮಾತಿಗೆ ಮೊದಲೇ ಹೇಳಬೇಕು. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ, ಮೇಲಿನ ಗೋಡೆಯನ್ನು ಎತ್ತಿ ಇಳಿಸುತ್ತದೆ. ಮಾಮೂಲಿ ಪಾಯ ಹಾಕಿದರೆ ಮೂರು ನಾಲ್ಕು ವರ್ಷದಲ್ಲಿ ಕಿಟಕಿಯ ಮೂಲೆಯಿಂದ ಓರೆ ಬಿರುಕು ಏಳುತ್ತದೆ. ಎರಡು ಮೂರು ಕಡೆ ಗುಂಡಿ ತೆಗೆಸಿ ಎರೆ ಎಷ್ಟು ಆಳ ಇದೆ ನೋಡಿ. ಐದಾರು ಅಡಿಗೆ ಗರಸು, ಅಂದರೆ ಗಟ್ಟಿ ಜಲ್ಲಿಮಣ್ಣು, ಸಿಕ್ಕರೆ ಅಲ್ಲಿಯವರೆಗೆ ಅಗೆದು ಪಾಯ ಇಡಿ; ಇನ್ನೂ ಆಳ ಇದ್ದರೆ ತಳದಲ್ಲಿ ಉಬ್ಬಿದ ಕಂಬಪಾಯ ಹಾಕುವವರನ್ನು ಕರೆಸಿ. ಮನೆಗಳ ಸುತ್ತ ಮೂರು ನಾಲ್ಕು ಅಡಿ ಹೊರಗೆ ಇಳಿಜಾರಾದ ಫರಸಿ ಹಾಸಿ, ಮಾಳಿಗೆಯ ನೀರು ಪಾಯದ ಬುಡಕ್ಕೆ ಬೀಳಬಾರದು. ಬೋಧಿವೃಕ್ಷ ನೆಡುವ ಆಸೆ ಸಹಜ. ಅರಳಿಯ ಬೇರು ಎರೆಮಣ್ಣಿನ ತೇವ ಹೀರಿ ಪಕ್ಕದ ಕಟ್ಟಡವನ್ನು ಕುಸಿಸುತ್ತದೆ, ಹಾಗಾಗಿ ಯಾವ ಗೋಡೆಯಿಂದಲೂ 50 ಅಡಿ ದೂರ, ಹೆಬ್ಬಾಗಿಲಿನ ಹೊರಗೆ, ರಸ್ತೆಯ ಕಡೆ ನೆಡಿ. ಅರವಟಿಗೆಯ ಪಕ್ಕದಲ್ಲಿ ಅರಳಿಕಟ್ಟೆ. ಊರಿನವರೂ ಬಂದು ಕೂರಲಿ. ಎತ್ತರದ ಕಂಪೌಂಡ್ ಎತ್ತಿ ಗೇಟು ಹಾಕಿ ಕೂತರೆ ನೀವೂ ಒಂದು ಕೇರಿ ಕಟ್ಟಿಕೊಂಡಂತೆ ಆಗುತ್ತದೆ.

ಗ್ರಂಥಾಲಯಕ್ಕೂ ಹೊರಗಿನಿಂದ ಒಂದು ಬಾಗಿಲು ಇಡಿ. ಸ್ಪರ್ಧಾತ್ಮಕ ಪರೀಕ್ಷೆಗೆಂದು ಸುತ್ತಲ ಹಳ್ಳಿಗಳ ಹುಡುಗರು, ಹುಡುಗಿಯರು ಧಾರವಾಡದಲ್ಲಿ ಕೋಣೆ ಹಿಡಿದು ದುಡ್ಡು ಸುರಿಯುತ್ತಿದ್ದಾರೆ. ಇಪ್ಪತ್ತು ಮೇಜು, ಒಳ್ಳೆಯ ಬೆಳಕು, ರಾತ್ರಿ ಹತ್ತರವರೆಗೆ ತೆರೆದ ಬಾಗಿಲು ಇದ್ದರೆ ಅವರಲ್ಲಿ ಕೆಲವರಾದರೂ ನಿಮ್ಮಲ್ಲಿಗೆ ಬರುತ್ತಾರೆ.

ಇನ್ನು ಮಂದಿರ. ದಿನಾಲೂ ಕೂರುವವರು ಹದಿನೈದೋ ಇಪ್ಪತ್ತೋ, ಹುಣ್ಣಿಮೆಯ ಉಪೋಸಥ ವ್ರತಕ್ಕೆ ಐವತ್ತು. ಒಬ್ಬರಿಗೆ ಚಾಪೆ, ದಿಂಬು ಸೇರಿ ಹತ್ತು ಚದರಡಿ, ಓಡಾಟಕ್ಕೆ ಒಂದಿಷ್ಟು. 24 ಅಡಿಗೆ 30 ಅಡಿಯ ಕೋಣೆ ಧಾರಾಳವಾಯಿತು. ಬುದ್ಧಪೂರ್ಣಿಮೆ, ಏಪ್ರಿಲ್ 14, ಬಾಬಾಸಾಹೇಬರು ಧಮ್ಮದೀಕ್ಷೆ ಪಡೆದ ಅಕ್ಟೋಬರ್ 14, ಅವರು ತೀರಿಹೋದ ಡಿಸೆಂಬರ್ 6 — ಈ ನಾಲ್ಕು ದಿನ ನೆಂಟರಿಷ್ಟರೆಲ್ಲ ಸೇರಿ ನೂರಾರು ಜನ ಆಗಬಹುದು. ನಾಲ್ಕು ದಿನಕ್ಕಾಗಿ ಇನ್ನೂರು ಜನರ ಗುಮ್ಮಟ ಕಟ್ಟಿ ಉಳಿದ ದಿನ ಅದರ ಪ್ರತಿಧ್ವನಿ ಕೇಳುತ್ತ ಕೂರಬೇಕೆ? ಗುಮ್ಮಟದಡಿ ಒಬ್ಬರು ಕೆಮ್ಮಿದರೆ ನಾಲ್ವರು ಕೆಮ್ಮಿದಂತೆ ಕೇಳುತ್ತದೆ. ಸಾಮಾನ್ಯ ಮಾಳಿಗೆ ಹಾಕಿ, ಅಂಗಳದ ಕಡೆಯ ಗೋಡೆಯನ್ನು ಪೂರ್ತಿ ಮಡಚುವ ಬಾಗಿಲು ಮಾಡಿ. ಆ ನಾಲ್ಕು ದಿನ ಬಾಗಿಲು ತೆರೆದರೆ ಅಂಗಳವೇ ಮಂದಿರ. ಕಿಟಕಿ ಉತ್ತರಕ್ಕೆ, ಕೂತವರ ಕಣ್ಣಿನ ಮಟ್ಟಕ್ಕೆ ತಗ್ಗಾಗಿ ಇರಲಿ. ಬರುವ ಬಾಗಿಲು ಕೂತವರ ಬೆನ್ನ ಹಿಂದೆ ಬೇಡ, ಪಕ್ಕದಲ್ಲಿ ಬರಲಿ. ಬೆನ್ನ ಹಿಂದೆ ಸಪ್ಪಳವಾದರೆ ಮನಸ್ಸು ತಿರುಗಿ ನೋಡುತ್ತದೆ. ಮೊಣಕಾಲು ನೋವಿನವರಿಗೆ ಗೋಡೆಗುಂಟ 17 ಇಂಚಿನ ಕಟ್ಟೆ ಇರಲಿ. ಇದನ್ನು ಕಡೆಗೆ ಕಟ್ಟಿ. ಅಲ್ಲಿಯವರೆಗೆ ಉಣ್ಣುವ ಪಡಸಾಲೆಯಲ್ಲಿ ಬೆಳಗಿನ ಹೊತ್ತು ಕೂತರೆ ಧ್ಯಾನ ಮೈಲಿಗೆಯಾಗುವುದಿಲ್ಲ.

ಕೂರುವುದಕ್ಕಿಂತ ನಡೆಯುವುದಕ್ಕೆ ಹೆಚ್ಚು ಜನ ಬರುತ್ತಾರೆ ಎಂಬುದು ನಾನು ಕಂಡದ್ದು. ಚಂಕಮಣದ, ಅಂದರೆ ನಡೆದಾಡುತ್ತ ಮಾಡುವ ಧ್ಯಾನದ, ದಾರಿಗೆ ಇರಬಾರದ ಐದು ದೋಷಗಳನ್ನು ಜಾತಕದ ಅಟ್ಟಕಥೆ ಹೇಳುತ್ತದೆ: ಗಡುಸಾಗಿ ಏರುತಗ್ಗು ಇರಬಾರದು, ನಡುವೆ ಮರ ಇರಬಾರದು, ಪೊದೆ ಮುಚ್ಚಿರಬಾರದು, ಬಹಳ ಕಿರಿದಾಗಿರಬಾರದು, ಬಹಳ ವಿಶಾಲವೂ ಆಗಿರಬಾರದು. ವಿಶಾಲವೂ ಬೇಡ ಎಂದದ್ದು ಎಷ್ಟು ಸರಿ! ಹತ್ತು ಅಡಿ ಅಗಲ ಕೊಟ್ಟರೆ ಅದು ಮಾತಿನ ಅಡ್ಡೆಯಾಗುತ್ತದೆ. ನಾಲ್ಕು ಅಡಿ ಅಗಲ, ಮೂವತ್ತು ನಲವತ್ತು ಹೆಜ್ಜೆ ಉದ್ದ, ಗರಸು ಹಾಕಿ ತುಳಿದ ನೆಲ, ಬದುವಿನ ಬೇವಿನ ನೆರಳು ಪಕ್ಕದಿಂದ ಬೀಳುವಂತೆ. ಎರೆಮಣ್ಣನ್ನು ಹಾಗೆಯೇ ಬಿಟ್ಟರೆ ಮಳೆ ಬಂದ ದಿನ ಪಾದಕ್ಕೆ ಐದೈದು ಸೇರು ಮಣ್ಣು ಹತ್ತುತ್ತದೆ.

ಮಳೆಗಾಲದ ವರ್ಷಾವಾಸಕ್ಕೆ ಭಂತೇಜಿಯವರನ್ನು, ಅಂದರೆ ಭಿಕ್ಖುವೊಬ್ಬರನ್ನು, ಕರೆಯುವ ಯೋಚನೆ ಇದ್ದರೆ, ಆಷಾಢ ಹುಣ್ಣಿಮೆಯಿಂದ ಮೂರು ತಿಂಗಳು ಅವರು ಒಂದೇ ಕಡೆ ಇರಬೇಕು. ಅತಿಥಿ ಕೋಣೆಯಲ್ಲಿ ನಡೆಯುವುದಿಲ್ಲ, ಪ್ರತ್ಯೇಕ ಕುಟಿ ಬೇಕು. ಭಿಕ್ಖು ತನಗಾಗಿ ಕಟ್ಟಿಕೊಳ್ಳುವ ಕುಟಿಗೆ ಭಿಕ್ಖುಗಳ ನಿಯಮಗ್ರಂಥವಾದ ವಿನಯ ಹಾಕಿದ ಮಿತಿ ಸುಗತ ಗೇಣಿನ, ಅಂದರೆ ಬುದ್ಧರ ಗೇಣಿನ, ಅಳತೆಯಲ್ಲಿ ಹನ್ನೆರಡು ಗೇಣು ಉದ್ದ, ಏಳು ಗೇಣು ಅಗಲ. ಸುತ್ತ ಎತ್ತು ಹೂಡಿದ ಬಂಡಿ ತಿರುಗುವಷ್ಟು ಬಯಲು ಇರಬೇಕು. ದಾನಿಗಳು ಕಟ್ಟಿಸಿಕೊಡುವಾಗ ಆ ಮಿತಿ ಅಷ್ಟಕ್ಕೇ ನಿಲ್ಲುವುದಿಲ್ಲವಾದರೂ ಮನೋಭಾವ ಅದೇ: ಕೋಣೆ ಚಿಕ್ಕದು, ಸುತ್ತಲ ಬಯಲು ದೊಡ್ಡದು. ನಮ್ಮ ಚಕ್ಕಡಿಯನ್ನೇ ಅಳತೆಗೆ ಇಟ್ಟುಕೊಳ್ಳಿ. ಈ ಸೀಮೆಗೆ ವಿಹಾರ ಹೊಸದೂ ಅಲ್ಲ. ನಿಮ್ಮ ಹೊಲದಿಂದ ದೂರವಲ್ಲದ ಡಂಬಳದಲ್ಲಿ, ಅಂದಿನ ಧರ್ಮವೊಳಲಿನಲ್ಲಿ, ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೂ ತಾರಾ ಭಗವತಿಗೂ ದಾನ ಬಿಟ್ಟ ಶಾಸನ 1095ರ ಹೊತ್ತಿನದು. ಅವರೂ ಹದಿನಾರು, ನೀವೂ ಹದಿನಾರು. ಸಂಖ್ಯಾಶಾಸ್ತ್ರ ಹೇಳುವವರಿಗೆ ಇದನ್ನು ತಿಳಿಸಬೇಡಿ.

ನಕ್ಷೆಯಲ್ಲಿ ಯಾರೂ ಬರೆಯದ ಇನ್ನೊಂದು ಕೋಣೆ ಇದೆ. ಹೊಟ್ಟೆನೋವಿನಿಂದ ತನ್ನದೇ ಮಲದಲ್ಲಿ ಬಿದ್ದಿದ್ದ ಭಿಕ್ಖುವನ್ನು ಬುದ್ಧರೂ ಆನಂದನೂ ಸೇರಿ ತೊಳೆದು ಮಲಗಿಸಿದ ಪ್ರಸಂಗ ವಿನಯದಲ್ಲಿದೆ. ನನಗೆ ಉಪಚಾರ ಮಾಡುವವರು ರೋಗಿಗೆ ಮಾಡಲಿ ಎಂದು ಬುದ್ಧರು ಹೇಳಿದ್ದು ಆಗಲೇ. ನಿಮ್ಮಲ್ಲಿ ಅರ್ಧ ಜನ ಅರವತ್ತು ದಾಟಿದವರು. ಅತಿಥಿ ಕೋಣೆಗಳಲ್ಲಿ ಒಂದನ್ನು ಅಡುಗೆಮನೆಗೆ ಹತ್ತಿರ, ನೆಲಮಟ್ಟದಲ್ಲಿ, ಮೂರೂವರೆ ಅಡಿ ಬಾಗಿಲಿನೊಂದಿಗೆ ಮಾಡಿ; ಬಚ್ಚಲಿನಲ್ಲಿ ಗಾಲಿಕುರ್ಚಿ ತಿರುಗಲು ಐದು ಅಡಿ ಬಿಡಿ. ಆಸ್ಪತ್ರೆಯಿಂದ ಬಂದವರು ವಾರ ಹದಿನೈದು ದಿನ ಎಲ್ಲರ ಕಣ್ಣೆದುರು ಇರಲಿ. ತೀರಿಹೋದವರನ್ನು ಅಂತಿಮ ದರ್ಶನಕ್ಕೆ ಎಲ್ಲಿ ಮಲಗಿಸುತ್ತೀರಿ ಎಂಬುದನ್ನೂ ಈಗಲೇ ಕೂತು ಮಾತನಾಡಿ. ನನ್ನ ಮನಸ್ಸಿಗೆ ಬರುವ ಜಾಗ ಮಂದಿರದ ಮಡಚುವ ಬಾಗಿಲಿನ ಒಳಗೆ, ಅಂಗಳಕ್ಕೆ ಮುಖ ಮಾಡಿ.

ಕಾನೂನಿನ ಮಾತು ಚುಟುಕಾಗಿ: ಕೃಷಿ ಭೂಮಿಗೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಪರಿವರ್ತನೆ ಆಗದೆ ಒಂದು ಇಟ್ಟಿಗೆಯೂ ಇಡಬೇಡಿ. ಅಂಗಳ, ತೊಟ್ಟಿ, ದಾರಿ, ಅಡುಗೆಮನೆ ಯಾರೊಬ್ಬರ ಹೆಸರಿನಲ್ಲೂ ಬೇಡ, ಅವಿಭಕ್ತವಾಗಿ ಎಲ್ಲರ ಹೆಸರಿನಲ್ಲಿರಲಿ. ಮನೆ ಮಾರಿ ಹೋಗುವವರ ಪಾಲು ಏನಾಗುತ್ತದೆ ಎಂಬುದನ್ನು ವಕೀಲರ ಮುಂದೆ ಬರೆದಿಡಿ.

ಎಂಜಿನಿಯರರಿಗೆ ಹೊಸ ನಕ್ಷೆ ಹೇಳುವ ಮೊದಲು ಒಂದು ಕೆಲಸ ಮಾಡಿ. ಮುಂದಿನ ಎರಡು ಭಾನುವಾರ ಹದಿನಾರು ಮನೆಯವರೂ ಹೊಲಕ್ಕೆ ಹೋಗಿ, ಮೂರು ಕಲ್ಲು ಹೂಡಿ ಅಡುಗೆ ಮಾಡಿ ಉಣ್ಣಿರಿ. ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ, ಗಾಳಿ ಹೊಗೆಯನ್ನು ಎತ್ತ ಒಯ್ಯುತ್ತದೆ, ಹಿರಿಯರು ತಾವಾಗಿ ಎಲ್ಲಿ ಹೋಗಿ ಕೂತರು, ಮಕ್ಕಳು ಎಲ್ಲಿ ಆಡಿದರು, ಊಟವಾದ ಮೇಲೆ ಭಾಂಡೆ ಯಾರು ತಿಕ್ಕಿದರು ಎಂದು ಒಂದು ಹಾಳೆಯ ಮೇಲೆ ಗುರುತು ಮಾಡಿ ಕಳಿಸಿ. ಅದೇ ದಿನ ಗುಂಡಿಯನ್ನೂ ತೆಗೆಸಿ, ಗರಸು ಎಷ್ಟು ಅಡಿಗೆ ಸಿಕ್ಕಿತು ಎಂದು ತಿಳಿಸಿ. ಎರಡನೆಯ ಭಾನುವಾರ ನನ್ನನ್ನೂ ಕರೆದರೆ ಬರುತ್ತೇನೆ. ರೊಟ್ಟಿ ಬಡಿಯಲು ಬರುವುದಿಲ್ಲ, ಭಾಂಡೆ ತಿಕ್ಕಲು ಬರುತ್ತದೆ.